ಪಿಕಪ್‌ನಲ್ಲಿ ತಡವರಿಸುವ ಪೆಟ್ರೋಲ್ ಕಾರು: ಚಿಕ್ಕಬಳ್ಳಾಪುರದಲ್ಲಿ ನಾನು ಪರೀಕ್ಷಿಸುವ ಕ್ರಮ

ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಎಳೆಯುವುದು ಒಂದು ರೋಗ. ಚೆನ್ನಾಗಿ ಎಳೆಯುತ್ತಿದ್ದದ್ದು ಏರಿನಲ್ಲಿ ಉಸಿರು ಕಟ್ಟುವುದು ಬೇರೆಯದೇ ರೋಗ. ಇವೆರಡನ್ನು ಬೇರ್ಪಡಿಸದೆ ಹೊರಟರೆ ಪ್ಲಗ್, ಅದಕ್ಕೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್, ಪೆಟ್ರೋಲ್ ತಳ್ಳುವ ಪಂಪ್ ಎಂದು ಒಂದೊಂದೇ ಬದಲಾಗುತ್ತಾ ಬಿಲ್ ಮಾತ್ರ ಬೆಳೆಯುತ್ತದೆ. ನಾನಿಲ್ಲಿ ಹೇಳುವುದು ಟರ್ಬೊ ಇಲ್ಲದ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಇರುವ) ಪೆಟ್ರೋಲ್ ಗಾಡಿಗಳ ವಿಷಯ; ಡೀಸೆಲ್‌ನದು ಬೇರೆ ಲೆಕ್ಕ.

ಮೊದಲು ಕ್ಲಚ್ ನೋಡಿಬಿಡಿ. ನಾಲ್ಕನೇ ಗೇರ್‌ನಲ್ಲಿ 40 ಕಿ.ಮೀ. ವೇಗದಲ್ಲಿರುವಾಗ ಪೂರ್ತಿ ಒತ್ತಿ. ಆರ್‌ಪಿಎಂ ಜಿಗಿದು ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಬಾನೆಟ್ ಎತ್ತುವ ಕೆಲಸವೇ ಇಲ್ಲ.

ಆಮೇಲೆ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಎರಡು ಕಡೆ ಓಡಿಸುತ್ತೇನೆ: ರಾಷ್ಟ್ರೀಯ ಹೆದ್ದಾರಿ 44ರ ಪಕ್ಕದ ಸಮತಟ್ಟು ರಸ್ತೆಯಲ್ಲಿ ಮೂರನೇ ಗೇರ್, 1500 ಆರ್‌ಪಿಎಂನಿಂದ ಅರ್ಧ ಒತ್ತು, ನಂದಿಬೆಟ್ಟದ ಏರಿನಲ್ಲಿ, ತಿರುವಲ್ಲದ ನೇರ ತುಣುಕಿನಲ್ಲಿ, ಪೂರ್ತಿ ಒತ್ತು. ಬ್ಲೂಟೂತ್‌ನಲ್ಲಿ ಮೊಬೈಲಿಗೆ ಸೇರುವ ಅಗ್ಗದ ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನ ಅಂಕಿಗಳನ್ನೂ ದೋಷದ ಕೋಡ್‌ಗಳನ್ನೂ ಓದುವ ಸಾಧನ) ಸಾಕು, ಆದರೆ ಅದನ್ನು ನೋಡಲು ಪಕ್ಕದಲ್ಲಿ ಇನ್ನೊಬ್ಬರು ಕೂತಿರಲಿ.

ಸ್ಕ್ಯಾನರ್ ಹಾಕಿದವರು ನಮ್ಮ ಕಡೆ ಎಡವುವುದು ಮ್ಯಾಪ್ ಸೆನ್ಸರ್ (ಎಂಜಿನ್ ಒಳಸೇರುವ ಗಾಳಿಯ ಒತ್ತಡ ಅಳೆಯುವುದು) ವಿಷಯದಲ್ಲಿ. ಇಗ್ನಿಷನ್ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ನೋಡಿದರೆ ಅದು ಹೊರಗಿನ ವಾಯುಭಾರವನ್ನೇ ತೋರಿಸಬೇಕು. ಪುಸ್ತಕದಲ್ಲಿ 101 ಕಿಲೋ ಪ್ಯಾಸ್ಕಲ್ ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಚಿಕ್ಕಬಳ್ಳಾಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ 91ರ ಆಸುಪಾಸು ಬಂದರೆ ಸೆನ್ಸರ್ ಸರಿಯಾಗಿದೆ ಎಂದೇ ಅರ್ಥ. 1478 ಮೀಟರ್ ಎತ್ತರದ ನಂದಿಬೆಟ್ಟದ ತುದಿಯಲ್ಲಿ 85ರ ಹತ್ತಿರ ಇಳಿಯುತ್ತದೆ. ಮೇಲೆ ಗಾಡಿ ಸ್ವಲ್ಪ ಮಂಕಾಗುವುದೂ ಇದೇ ಕಾರಣಕ್ಕೆ, ಅದು ರೋಗವಲ್ಲ.

ಒತ್ತಿದ ಕೂಡಲೇ ತಡವರಿಸುವ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಎಂಜಿನ್ನಿಗೆ ಗಾಳಿ ಬಿಡುವ ತಟ್ಟೆಯಿರುವ ಥ್ರಾಟಲ್ ಬಾಡಿಯ ಮೇಲೆ. ತಟ್ಟೆಯ ಅಂಚಿನಲ್ಲಿ ಕಾರ್ಬನ್ ಕಟ್ಟಿದರೆ ಮುಚ್ಚಿದ ಸ್ಥಿತಿಯಿಂದ ತೆರೆಯುವ ಆ ಮೊದಲ ಕೂದಲೆಳೆಯಷ್ಟು ಜಾಗದಲ್ಲಿ ಗಾಳಿ ಲೆಕ್ಕ ತಪ್ಪುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿ, ಗಾಳಿ ಕೊಳವೆ ಬಿಚ್ಚಿ, ಥ್ರಾಟಲ್ ಬಾಡಿ ಕ್ಲೀನರ್ ಅನ್ನು ಬಟ್ಟೆಗೆ ಸಿಂಪಡಿಸಿ ಅಂಚನ್ನೂ ತಟ್ಟೆ ಕೂರುವ ಜಾಗವನ್ನೂ ಒರೆಸಿ. ಒಳಗೆ ಸುರಿಯಬೇಡಿ, ಬ್ಲೇಡಿನಿಂದ ಕೆರೆಯಲೇಬೇಡಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಇಗ್ನಿಷನ್ ಆನ್ ಇರುವಾಗ ಬೆರಳು ಹಾಕುವಂತೆಯೇ ಇಲ್ಲ. ಜೋಡಿಸಿದ ಮೇಲೆ ಐಡಲ್ (ಪೆಡಲ್ ಒತ್ತದಾಗಿನ ಎಂಜಿನ್ ವೇಗ) ಸ್ವಲ್ಪ ಏರಿ ನಿಲ್ಲಬಹುದು. ಪೆಡಲ್ ಮುಟ್ಟದೆ ರೇಡಿಯೇಟರ್ ಫ್ಯಾನ್ ತಿರುಗಿ ನಿಲ್ಲುವವರೆಗೆ ಬಿಡಿ. ಕೆಲವು ಮಾದರಿಗಳಿಗೆ ಸ್ಕ್ಯಾನರ್‌ನಿಂದಲೇ ಐಡಲ್ ಕಲಿಸಬೇಕು.

ಪ್ರತಿ ಸಲ ಪೆಡಲಿನ ಒಂದೇ ಜಾಗದಲ್ಲಿ ಮುಗ್ಗರಿಸಿದರೆ ತಟ್ಟೆ ಎಷ್ಟು ತೆರೆದಿದೆ ಎಂದು ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರ್ ಅಳೆಯಿರಿ. ಪೆಡಲ್ ಕೇಬಲ್ ಮೂಲಕ ತಟ್ಟೆ ಎಳೆಯುವ ಗಾಡಿಗಳಲ್ಲಿ ಸಾಮಾನ್ಯವಾಗಿ 0.5 ವೋಲ್ಟ್‌ನಿಂದ 4.5ರ ಹತ್ತಿರಕ್ಕೆ ಎಲ್ಲೂ ಬೀಳದೆ ಏರಬೇಕು. ಇದಕ್ಕೆ ಮುಳ್ಳಿನ ಮೀಟರೇ ವಾಸಿ, ಡಿಜಿಟಲ್‌ನಲ್ಲಿ ಕ್ಷಣದ ಇಳಿತ ಕಣ್ಣಿಗೆ ಬೀಳುವುದಿಲ್ಲ.

ಏರ್ ಫಿಲ್ಟರ್? ಕ್ರಷರ್‌ಗಳ ಕಲ್ಲುಧೂಳಿನಲ್ಲಿ ಓಡುವ ಗಾಡಿಗೆ ಮ್ಯಾನ್ಯುಯಲ್ ಹೇಳಿದ ಅವಧಿಯ ಅರ್ಧಕ್ಕೇ ಬದಲಿಸಿ. ಆದರೆ ಕಟ್ಟಿದ ಫಿಲ್ಟರ್ ಹೆಚ್ಚು ಆರ್‌ಪಿಎಂನಲ್ಲಿ ಎಳೆತ ತಿನ್ನುತ್ತದೆಯೇ ಹೊರತು ಮೊದಲ ಒತ್ತಿಗೆ ತಡವರಿಸುವುದು ಅದರಿಂದ ಅಪರೂಪ.

ಏರಿನಲ್ಲಿ ಜರ್ಕ್ ಹೊಡೆಯುತ್ತಾ ಎಳೆದರೆ ಮಿಸ್‌ಫೈರ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಚೆಕ್ ಎಂಜಿನ್ ದೀಪ ಮಿನುಗಿದರಂತೂ ಕಾಲು ತೆಗೆಯಿರಿ. ಸ್ಕ್ಯಾನರಿನಲ್ಲಿ ಪಿ0302 (ಎರಡನೇ ಸಿಲಿಂಡರಿನ ಮಿಸ್‌ಫೈರ್ ಕೋಡ್) ಬಂದಿದ್ದರೆ ಎರಡನೇ ಸಿಲಿಂಡರಿನ ಕಾಯಿಲ್ ಅನ್ನು ಮೂರಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ. ಪಿ0303 ಆಗಿ ಬದಲಾದರೆ ಕಾಯಿಲ್ಲೇ ಕಳ್ಳ. ಬದಲಾಗದಿದ್ದರೆ ಪ್ಲಗ್ ಬಿಚ್ಚಿ. ಕಿಡಿ ಹಾರುವ ಗ್ಯಾಪ್ ಮ್ಯಾನ್ಯುಯಲ್ ಹೇಳಿದಷ್ಟೇ ಇರಬೇಕು, ಹೆಚ್ಚಿನವುಗಳಲ್ಲಿ 0.7ರಿಂದ 1.1 ಮಿ.ಮೀ. ಎಂಜಿನ್ ತಣ್ಣಗಿರುವಾಗಲೇ ಬಿಚ್ಚಿ, ಕೈಯಲ್ಲೇ ತಿರುಪು ಹತ್ತಿಸಿ, ಆಮೇಲೆ ಟಾರ್ಕ್ ವ್ರೆಂಚ್.

ಜರ್ಕ್ ಇಲ್ಲದೆ ನುಣ್ಣಗೆ ಸೋತರೆ ಮೊದಲ ಅನುಮಾನ ಪೆಟ್ರೋಲ್ ಸಾಲುತ್ತಿಲ್ಲ ಎಂಬುದು. ಪೂರ್ತಿ ಒತ್ತಿದಾಗ ಇಸಿಯು (ಎಂಜಿನ್ ಕಂಪ್ಯೂಟರ್) ಟ್ರಿಮ್ ಲೆಕ್ಕ, ಅಂದರೆ ಸೆನ್ಸರ್ ನೋಡಿ ಪೆಟ್ರೋಲ್ ಹೆಚ್ಚುಕಡಿಮೆ ಮಾಡುವುದನ್ನು, ಬಿಟ್ಟಿರುತ್ತದೆ, ಆದ್ದರಿಂದ ಆಗ ಟ್ರಿಮ್ ನೋಡಿ ಪ್ರಯೋಜನವಿಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಮುಂದಿನ ಆಕ್ಸಿಜನ್ ಸೆನ್ಸರ್ 0ಯಿಂದ 1 ವೋಲ್ಟ್ ತೋರಿಸುವ ಮಾದರಿಯದಾದರೆ ಅದನ್ನು ನೋಡಿ: 0.8–0.9ರಲ್ಲಿ ನಿಲ್ಲಬೇಕಾದದ್ದು 0.2ಕ್ಕೆ ಬಿದ್ದರೆ ಪಂಪ್ ಅಥವಾ ಟ್ಯಾಂಕಿನೊಳಗಿನ ಸ್ಟ್ರೇನರ್ (ಪಂಪಿನ ಬಾಯಿಯ ಜಾಲರಿ). ಪೆಟ್ರೋಲ್ ಒತ್ತಡದ ಗೇಜ್ ಹಾಕಿದರೆ ಸಾಮಾನ್ಯವಾಗಿ 3ರಿಂದ 3.5 ಬಾರ್ ಇರಬೇಕು, ಐಡಲ್‌ನಲ್ಲಿ ಮಾತ್ರವಲ್ಲ, ಏರಿನಲ್ಲೂ.

ಇಷ್ಟೆಲ್ಲ ಸರಿಯಿದ್ದೂ ಏರಿನಲ್ಲಿ ಸೋಲುವ ಹಳೆಯ ಗಾಡಿಯಲ್ಲಿ ಮುಂದಿನ ಆಕ್ಸಿಜನ್ ಸೆನ್ಸರ್ ತೆಗೆದು ಆ ತೂತಿಗೆ ಪ್ರೆಷರ್ ಗೇಜ್ ಹಾಕುತ್ತೇನೆ. 2500 ಆರ್‌ಪಿಎಂನಲ್ಲಿ 0.2 ಬಾರ್ ದಾಟಿದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ. ಬಹಳ ಸಲ ಅದನ್ನು ಸುಟ್ಟಿರುವುದು ಹಾಗೇ ಓಡಿಸಿಕೊಂಡು ಬಂದ ಮಿಸ್‌ಫೈರ್. ಕಾಯಿಲ್, ಪ್ಲಗ್ ಸರಿಮಾಡಿದ ಮೇಲೆಯೇ ಹೊಸ ಕನ್ವರ್ಟರ್ ಕೊಳ್ಳಿ, ಇಲ್ಲದಿದ್ದರೆ ಅದೂ ಸುಡುತ್ತದೆ.