ಕಚ್ಚಿ ಕುಳಿತ ಸ್ಪಾರ್ಕ್ ಪ್ಲಗ್ ಬಿಚ್ಚುವುದು ಹೇಗೆ?

ಕಲಬುರಗಿಯ ಬಹಳಷ್ಟು ಪೆಟ್ರೋಲ್ ಕಾರುಗಳ ದಿನದ ಓಟ ಮನೆಯಿಂದ ಶಾಲೆಗೆ, ಅಲ್ಲಿಂದ ಸೂಪರ್ ಮಾರ್ಕೆಟ್‌ಗೆ, ಮತ್ತೆ ಮನೆಗೆ. ಎಂಜಿನ್ ಪೂರ್ತಿ ಕಾಯುವ ಮೊದಲೇ ಬಂದ್ ಆಗಿರುತ್ತದೆ. ಬೇಸಿಗೆಯಲ್ಲಂತೂ ಎ.ಸಿ.ಗಾಗಿ ನಿಂತಲ್ಲೇ ಎಂಜಿನ್ ಚಾಲೂ ಇಡುವುದು ರೂಢಿ. ಹೊರಗೆ 40 ಡಿಗ್ರಿ ದಾಟಿದ್ದರೂ ಪೆಟ್ರೋಲ್‌ಗೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್‌ಗೆ ಅದು ಲೆಕ್ಕವಲ್ಲ. ಅದರ ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಕಾದರೆ ಮಾತ್ರ ಮೇಲೆ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಕಾಯದಿದ್ದರೆ ಮಸಿ ಪ್ಲಗ್‌ನ ಥ್ರೆಡ್‌ನ (ತಿರುಪಿನ) ಕೆಳಸುತ್ತುಗಳಲ್ಲೂ ಗಟ್ಟಿಯಾಗುತ್ತದೆ. ಉಕ್ಕಿನ ಪ್ಲಗ್ ಮತ್ತು ಅದು ಕೂರುವ ಎಂಜಿನ್‌ನ ಮೇಲ್ಭಾಗ, ಅಂದರೆ ಅಲ್ಯುಮಿನಿಯಂ ಹೆಡ್ ನಡುವಿನ ತುಕ್ಕೂ ಸೇರಿದರೆ ಪ್ಲಗ್ ಅಲುಗುವುದಿಲ್ಲ.

ತಡೆಯುವ ದಾರಿ ಸರಳ. ವಾರಕ್ಕೊಮ್ಮೆ ಹುಮನಾಬಾದ್ ಕಡೆಗೋ ಗಾಣಗಾಪುರದ ದರ್ಶನಕ್ಕೋ ಕಾರನ್ನು ಅರ್ಧ ಗಂಟೆಗೂ ಹೆಚ್ಚು ಒಂದೇ ಓಟದಲ್ಲಿ ಓಡಿಸಿ. ಏರ್ ಫಿಲ್ಟರ್ ಮತ್ತು ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ. ಸಾಮಾನ್ಯ ನಿಕಲ್ ಪ್ಲಗ್‌ಗಳನ್ನು ಸುಮಾರು 30,000 ರಿಂದ 40,000 ಕಿ.ಮೀ.ಗೆ ಬದಲಿಸಬೇಕಾಗುತ್ತದೆ. ಇರಿಡಿಯಂ ಪ್ಲಗ್ ಲಕ್ಷದ ಹತ್ತಿರ ಬಾಳುತ್ತದೆ. ಕಾರಿನ ಕೈಪಿಡಿಯಲ್ಲಿ ಹೇಳಿದ್ದೇ ಕೊನೆಯ ಮಾತು.

ಇನ್ನು ಬಿಚ್ಚುವ ಕೆಲಸ. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬಿಸಿ ಅಲ್ಯುಮಿನಿಯಂನ ಥ್ರೆಡ್ ಸುಲಭವಾಗಿ ಕಿತ್ತು ಬರುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಪ್ಲಗ್ ಮೇಲೆ ಕೂತ ಇಗ್ನಿಷನ್ ಕಾಯಿಲ್ ತೆಗೆಯಿರಿ. ಮುಂದಿನ ಹೆಜ್ಜೆಯನ್ನು ದಯವಿಟ್ಟು ಯಾರೂ ಬಿಡಬೇಡಿ: ಪ್ಲಗ್ ಕುಳಿತ ಕುಳಿಯ ಧೂಳನ್ನು ಗಾಳಿಯಿಂದ ಊದಿ ತೆಗೆಯಿರಿ. ಸೇಡಂ ರಸ್ತೆಯ ಸಿಮೆಂಟ್ ಲಾರಿಗಳ ಹಿಂದೆ ಓಡಿದ ಕಾರಿನಲ್ಲಿ ಅದು ಕಡಿಮೆ ಇರುವುದಿಲ್ಲ. ಪ್ಲಗ್ ಬಿಚ್ಚಿದ ಮೇಲೆ ಅದು ನೇರ ಸಿಲಿಂಡರ್‌ಗೆ ಬಿದ್ದು ಗೋಡೆಯನ್ನು ಗೀರುತ್ತದೆ. ಊದುವಾಗ ಕಣ್ಣಿಗೆ ಕನ್ನಡಕ ಇರಲಿ.

ಸರಿಯಾದ ಅಳತೆಯ ಪ್ಲಗ್ ಸಾಕೆಟ್ ಹಾಕಿ ನೇರವಾಗಿ ಹಿಡಿದು ತಿರುಗಿಸಿ. ಓರೆಯಾದರೆ ಪಿಂಗಾಣಿ ಒಡೆಯುತ್ತದೆ. ಅಲುಗದಿದ್ದರೆ ಪಾನಾಕ್ಕೆ ಪೈಪ್ ಸಿಕ್ಕಿಸಿ ಎಳೆಯಬೇಡಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ಬುಡಕ್ಕೆ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಮಾತ್ರ ಸಡಿಲಿಸಿ, ಮತ್ತೆ ಅಷ್ಟೇ ಬಿಗಿ ಮಾಡಿ, ಇನ್ನೊಂದು ಹನಿ ಹಾಕಿ, ಮತ್ತೆ ಸಡಿಲಿಸಿ. ಹಿಂದೆ ಮುಂದೆ ಹೀಗೆ ಮಾಡುತ್ತಿದ್ದರೆ ಥ್ರೆಡ್‌ಗೆ ಅಂಟಿದ ಕಾರ್ಬನ್ ಪುಡಿಯಾಗುತ್ತದೆ. ಒಂದೇ ಸಮ ಹೊರಗೆಳೆದರೆ ಅದೇ ಪುಡಿ ಹೆಡ್‌ನ ಥ್ರೆಡ್ ಉಜ್ಜಿ ಹಾಳುಮಾಡುತ್ತದೆ. ಕಿರ್ ಎಂಬ ಸದ್ದು ಹೆಚ್ಚಾದರೆ ನಿಲ್ಲಿಸಿ, ಎಣ್ಣೆ ಇಳಿಯಲು ಬಿಡಿ. ಅರ್ಧ ದಿನ ಹೋದರೂ ಚಿಂತೆಯಿಲ್ಲ, ಹೆಡ್ ಇಳಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಹೊರಬಂದ ಪ್ಲಗ್ ನೋಡಿ. ತಿಳಿಕಂದು ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಗಿಡ್ಡ ಓಟ ಅಥವಾ ಹೆಚ್ಚು ಪೆಟ್ರೋಲ್ ಕಾರಣ. ಜಿಡ್ಡು ಕಪ್ಪಾಗಿದ್ದರೆ ಎಂಜಿನ್ ಆಯಿಲ್ ಒಳಗೆ ಸೋರುತ್ತಿದೆ. ಪ್ಲಗ್ ಬದಲಿಸಿದರೆ ಸಾಲದು, ಗ್ಯಾರೇಜ್‌ಗೆ ತೋರಿಸಿ.

ಹೊಸ ಪ್ಲಗ್ ಅನ್ನು ಮೊದಲು ಬರಿಗೈಯಿಂದಲೇ ತಿರುಗಿಸಿ ಕೂರಿಸಿ. ವಾಷರ್ ಇರುವ ಹೊಸ ಪ್ಲಗ್ ಆದರೆ ತಳ ಮುಟ್ಟಿದ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಒಂದು ಸುತ್ತಿನ ಮೂರರಲ್ಲಿ ಎರಡು ಭಾಗ ಸಾಕು. ವಾಷರ್ ಇಲ್ಲದ, ಇಳಿಜಾರು ತಳದ ಪ್ಲಗ್‌ಗೆ ಒಂದು ಸುತ್ತಿನ ಹದಿನಾರನೇ ಒಂದು ಭಾಗ ಮಾತ್ರ. ಬಿಗಿತ ಅಳೆಯುವ ಟಾರ್ಕ್ ಪಾನಾ ಇದ್ದರೆ ಕೈಪಿಡಿಯ ಅಳತೆಗೆ ಬಿಗಿ ಮಾಡಿ. ಲೇಪನವಿರುವ ಪ್ಲಗ್‌ಗೆ ಗ್ರೀಸ್ ಬೇಡ. ಜಾರುವ ಥ್ರೆಡ್ ಅಗತ್ಯಕ್ಕಿಂತ ಹೆಚ್ಚು ಬಿಗಿಯಾಗುತ್ತದೆ.