ಬೇಳೆ ಯಾಕೆ ಬೇಯಲ್ಲ? ಇಬ್ಬರು ಹುಡುಗಿಯರ ಜೊತೆ ಮಾಡಿದ ಒಂದು ಪ್ರಾಜೆಕ್ಟ್

ಜುಲೈ ಬಂತು ಅಂದ್ರೆ ನಮ್ಮ ಹೈಸ್ಕೂಲಿನಲ್ಲಿ ಮಕ್ಕಳ ವಿಜ್ಞಾನ ಸಮಾವೇಶದ, ಅಂದರೆ ಮಕ್ಕಳು ತಾವೇ ಮಾಡಿದ ಪ್ರಾಜೆಕ್ಟ್ ಮಂಡಿಸುವ ಸಮಾವೇಶದ, ಮಾತು ಶುರುವಾಗುತ್ತದೆ. ಮಕ್ಕಳು ಮೊದಲು ಕೇಳುವುದು "ಮಿಸ್, ಯಾವ ಮಾಡೆಲ್ ಮಾಡೋಣ?" ಅಂತ. ಥರ್ಮೋಕೋಲಿನ ಜ್ವಾಲಾಮುಖಿ, ಬಲ್ಬು ಉರಿಯುವ ಗಾಳಿಯಂತ್ರ ಇವೆಲ್ಲ ಅವರ ತಲೆಯಲ್ಲಿ ಆಗಲೇ ತಯಾರಾಗಿರುತ್ತವೆ. ನಾನು ಅವಕ್ಕೆ ಒಪ್ಪುವುದಿಲ್ಲ. "ಒಂದು ವಾರ ಮನೆಯಲ್ಲಿ ಕಿವಿ ತೆರೆದು ಕೂತ್ಕೊಳ್ಳಿ. ಅಮ್ಮ, ಅಜ್ಜಿ, ಅಪ್ಪ ದಿನಾ ಯಾವುದಕ್ಕೆ ಗೊಣಗ್ತಾರೆ ಅಂತ ಬರ್ಕೊಂಡು ಬನ್ನಿ" ಅಂತ ಕಳಿಸುತ್ತೇನೆ.

ಈ ಪಟ್ಟಿಗಳನ್ನು ಓದುವುದು ನನಗೆ ತುಂಬಾ ಇಷ್ಟ. ಚಳಿಗಾಲದಲ್ಲಿ ಮೊಸರು ಹೆಪ್ಪಾಗಲ್ಲ. ಹುಣಸೆಹಣ್ಣು ಡಬ್ಬಿಯಲ್ಲಿ ಕಪ್ಪಾಗುತ್ತೆ. ಬಿಳಿ ಬಟ್ಟೆ ಎಷ್ಟು ಉಜ್ಜಿದರೂ ಹಳದಿಯಾಗೇ ಇರುತ್ತೆ. ಒಂದೊಂದು ಗೊಣಗಾಟದ ಹಿಂದೆಯೂ ಒಂದು ಪ್ರಶ್ನೆ ಇರುತ್ತದೆ. ಆ ಪ್ರಶ್ನೆಯನ್ನು ಅಳೆಯಲು ಬರುವಷ್ಟು ಚಿಕ್ಕದು ಮಾಡಿಕೊಳ್ಳುವುದೇ ಅರ್ಧ ಕೆಲಸ ಅಂತ ನನ್ನ ಅನುಭವ. "ನೀರಿನ ಮಾಲಿನ್ಯ" ಅನ್ನುವುದು ಎಂಟನೇ ಕ್ಲಾಸಿನ ಮಗುವಿಗೆ ಪ್ರಾಜೆಕ್ಟ್ ಆಗುವುದಿಲ್ಲ. "ನಮ್ಮ ಶಾಲೆಯ ಸೋರುವ ನಲ್ಲಿಯಿಂದ ದಿನಕ್ಕೆ ಎಷ್ಟು ನೀರು ಹೋಗುತ್ತೆ?" ಅನ್ನುವುದು ಆಗುತ್ತದೆ. ಸೆಕೆಂಡಿಗೆ ಒಂದೇ ಹನಿ ಬಿದ್ದರೂ ದಿನಕ್ಕೆ ಹಲವು ಲೀಟರ್ ಹೋಗುತ್ತದೆ! ಬಾಟಲಿ, ಗಡಿಯಾರ ಇದ್ದರೆ ಯಾವ ಮಗುವಾದರೂ ಇದನ್ನು ಕಂಡುಹಿಡಿಯಬಹುದು.

2018ರಲ್ಲಿ ಎಂಟನೇ ಕ್ಲಾಸಿನ ಇಬ್ಬರು ಹುಡುಗಿಯರು ತಂದ ಪಟ್ಟಿಯಲ್ಲಿ "ಬೇಳೆ ಬೇಯಲ್ಲ" ಅಂತ ಒಂದು ಸಾಲಿತ್ತು. ನಮ್ಮದು ಶಿರಾ ಕಡೆಯ ಹಳ್ಳಿ. ಬೋರ್‌ವೆಲ್ ನೀರು ಸವಳು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಸೋಪು ಹಾಕಿದರೆ ನೊರೆ ಬರುವುದಿಲ್ಲ. ಅವರಲ್ಲೊಬ್ಬಳು ಬೇಸಿಗೆ ರಜೆಗೆ ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಗೆ ಹೋಗಿದ್ದಳು. "ಮಿಸ್, ಅಲ್ಲಿ ಮೂರೇ ವಿಷಲ್‌ಗೆ ಬೇಳೆ ಬೆಣ್ಣೆ ತರ ಆಗುತ್ತೆ. ನಮ್ಮನೇಲಿ ಆರು ಕೂಗಿಸಿದ್ರೂ ಕಾಳು ಕಾಳೇ" ಅಂದಳು. ನನಗೆ ಅಷ್ಟು ಸಾಕಿತ್ತು. ಎರಡು ಊರು, ಎರಡು ಅಡುಗೆಮನೆ, ಒಂದು ವ್ಯತ್ಯಾಸ. ಮಗು ತಾನೇ ಕಂಡಿದ್ದು ಇದು, ಪುಸ್ತಕದಿಂದ ಎತ್ತಿದ್ದಲ್ಲ.

ಯಾಕಿರಬಹುದು ಅಂತ ಕೇಳಿದೆ. ಮೂರು ಉತ್ತರ ಬಂತು. ಅಲ್ಲಿನ ಬೇಳೆ ಬೇರೆ ಇರಬಹುದು. ಅಲ್ಲಿನ ನೀರು ಬೇರೆ ಇರಬಹುದು. ಅದು ಬೆಟ್ಟದ ಊರು, ಅದಕ್ಕೂ ಏನೋ ಸಂಬಂಧ ಇರಬಹುದು. ಮೂರನೆಯದನ್ನು ಮೊದಲು ನೋಡಿದೆವು. ಮಲೆನಾಡು ಅಂದ ತಕ್ಷಣ ಎತ್ತರ ಅನ್ನಿಸುತ್ತದೆ, ಆದರೆ ತೀರ್ಥಹಳ್ಳಿಯೂ ಶಿರಾವೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರ, 600 ಮೀಟರ್ ಆಸುಪಾಸು. ಕುದಿಯುವ ನೀರಿಗೆ ಥರ್ಮಾಮೀಟರ್ ಇಟ್ಟಾಗ 98 ಡಿಗ್ರಿ ತೋರಿಸಿತು. ಹುಡುಗಿಯರಿಗೆ ಗಾಬರಿ, ಥರ್ಮಾಮೀಟರ್ ಕೆಟ್ಟಿದೆ ಅಂತ. ಈ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 98ಕ್ಕೇ ಕುದಿಯುತ್ತದೆ ಅಂತ ಆಗ ವಿವರಿಸಿದೆ. ಎರಡೂ ಊರಿಗೆ ಅದೇ ಲೆಕ್ಕ. ಹಾಗಾಗಿ ಎತ್ತರವನ್ನು ಬಿಟ್ಟೆವು.

ಉಳಿದಿದ್ದು ಬೇಳೆ ಮತ್ತು ನೀರು. ಚಿಕ್ಕಮ್ಮನಿಗೆ ಫೋನ್ ಹೋಯಿತು. ಅವರ ಬಾವಿಯ ಒಂದು ಕ್ಯಾನ್ ನೀರು, ಮನೆಯ ಒಂದಿಷ್ಟು ತೊಗರಿಬೇಳೆ ಬಸ್ಸಿನಲ್ಲಿ ಬಂದವು. ಅಲ್ಲಿನ ಬೇಳೆಯನ್ನು ಇಲ್ಲಿನ ನೀರಲ್ಲಿ, ಇಲ್ಲಿನ ಬೇಳೆಯನ್ನು ಅಲ್ಲಿನ ನೀರಲ್ಲಿ ಬೇಯಿಸಿದೆವು. ಜೊತೆಗೆ ಅಲ್ಲಿಯದನ್ನು ಅಲ್ಲಿಯದರಲ್ಲಿ, ಇಲ್ಲಿಯದನ್ನು ಇಲ್ಲಿಯದರಲ್ಲಿ. ಒಟ್ಟು ನಾಲ್ಕು ಪಾತ್ರೆ. ಒಂದನ್ನು ಬದಲಿಸಿ ಮಿಕ್ಕಿದ್ದನ್ನೆಲ್ಲ ಹಾಗೇ ಇಡಬೇಕು ಅನ್ನುವುದನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಈ ನಾಲ್ಕು ಪಾತ್ರೆ ನೋಡಿದ ಮೇಲೆ ಅದನ್ನು ಅವರಿಗೆ ಮತ್ತೆ ಹೇಳಬೇಕಾಗಲಿಲ್ಲ. ಬೇಳೆ ಯಾವ ಊರಿನದಾದರೂ ಬಾವಿ ನೀರಿನಲ್ಲಿ ಬೇಗ ಬೆಂದಿತು, ನಮ್ಮ ಬೋರ್ ನೀರಿನಲ್ಲಿ ತಡವಾಯಿತು.

ಇಲ್ಲಿಂದ ನಿಜವಾದ ಕಷ್ಟ ಶುರು. ಬೆಂದಿದೆ ಅಂತ ಹೇಳುವುದು ಹೇಗೆ?

ಮನೆಯಲ್ಲಿ ನಾವು ವಿಷಲ್ ಎಣಿಸುತ್ತೇವೆ. ಆದರೆ ವಿಷಲ್ ಉರಿಯ ಮೇಲೆ, ನೀರಿನ ಮಟ್ಟದ ಮೇಲೆ, ಗ್ಯಾಸ್ಕೆಟ್ ಹಳೆಯದೋ ಹೊಸದೋ ಅನ್ನುವುದರ ಮೇಲೆಲ್ಲ ನಿಂತಿದೆ. ಅದು ಅಳತೆ ಆಗುವುದಿಲ್ಲ. ಕುಕ್ಕರಿನ ಮುಚ್ಚಳ ತೆಗೆದು ಮಧ್ಯೆ ಮಧ್ಯೆ ನೋಡುವುದಕ್ಕೂ ಆಗುವುದಿಲ್ಲ, ಅಪಾಯ ಬೇರೆ. ಹಾಗಾಗಿ ತೆರೆದ ಪಾತ್ರೆಯಲ್ಲೇ ಬೇಯಿಸಿದೆವು. ಅರ್ಧ ಲೀಟರ್ ನೀರು ಕುದಿ ಬಂದ ಮೇಲೆ 50 ಗ್ರಾಂ ಬೇಳೆ ಹಾಕುವುದು, ಆ ಕ್ಷಣದಿಂದ ಸಮಯ ಎಣಿಸುವುದು, ನೀರು ಇಳಿದರೆ ಅದೇ ನೀರನ್ನು ಬಿಸಿ ಮಾಡಿ ಸೇರಿಸುವುದು. ಐದೈದು ನಿಮಿಷಕ್ಕೆ ಹತ್ತು ಕಾಳು ತೆಗೆದು ಬೆರಳಲ್ಲಿ ಹಿಸುಕುವುದು.

ಬೆರಳಲ್ಲೇ ಜಗಳ ಬಂತು. ಒಬ್ಬಳು "ಬೆಂದಿದೆ" ಅಂದರೆ ಇನ್ನೊಬ್ಬಳು "ಇಲ್ಲ ಕಣೇ, ನೀನು ಜೋರಾಗಿ ಒತ್ತಿದೆ" ಅನ್ನುತ್ತಿದ್ದಳು. ನನಗೆ ಆ ಜಗಳ ಎಷ್ಟು ಖುಷಿ ಕೊಟ್ಟಿತು ಅಂದರೆ, ನಾನು ಬಾಯಿ ಹಾಕದೆ ಕೂತೆ. ಅವರೇ ದಾರಿ ಹುಡುಕಿದರು. ಅಪ್ಪನ ಅಂಗಡಿಯಿಂದ ಅರ್ಧ ಕಿಲೋ ತೂಕದ ಬಟ್ಟು ತಂದರು. ಎರಡು ಗಾಜಿನ ಚೂರುಗಳ ನಡುವೆ ಕಾಳಿಟ್ಟು, ಮೇಲೆ ಬಟ್ಟು ಇಟ್ಟು, ಹತ್ತು ಎಣಿಸಿ ತೆಗೆಯುವುದು. ಕಾಳು ಪೂರ್ತಿ ಚಪ್ಪಟೆಯಾಗಿ ನಡುವೆ ಬಿಳಿ ಚುಕ್ಕೆ ಉಳಿಯದಿದ್ದರೆ ಬೆಂದಿದೆ. ಹತ್ತರಲ್ಲಿ ಒಂಬತ್ತು ಹೀಗಾದರೆ ಪಾತ್ರೆಯ ಬೇಳೆ ಬೆಂದಿದೆ ಅಂತ ಲೆಕ್ಕ. ಕಾಳುಗಳ ಬೇಯುವಿಕೆ ಅಳೆಯಲು ಆಹಾರ ವಿಜ್ಞಾನದ ಲ್ಯಾಬುಗಳಲ್ಲಿ ಮ್ಯಾಟ್ಸನ್ ಕುಕ್ಕರ್ ಅನ್ನುವ ಉಪಕರಣ ಬಳಸುತ್ತಾರೆ. ಪ್ರತಿ ಕಾಳಿನ ಮೇಲೂ ಒಂದೇ ತೂಕದ ಕಡ್ಡಿ ನಿಂತಿರುತ್ತದೆ, ಕಾಳು ಮೆತ್ತಗಾದಾಗ ಕಡ್ಡಿ ಅದರೊಳಗೆ ಇಳಿಯುತ್ತದೆ. ನಮ್ಮ ಹುಡುಗಿಯರು ಅದರ ಹೆಸರೂ ಕೇಳಿರಲಿಲ್ಲ, ಆದರೆ ತತ್ವ ಅದೇ. ನಾನು ಆಮೇಲೆ ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಇನ್ನೊಂದು ವಿಷಯ ನಾನೇ ಸೇರಿಸಿದೆ. ಕಾಳು ಒತ್ತುವವಳಿಗೆ ಅದು ಯಾವ ನೀರಿನದು ಅಂತ ಗೊತ್ತಿರಬಾರದು. ಲೋಟಗಳಿಗೆ ಅ, ಆ, ಇ ಅಂತ ಚೀಟಿ ಅಂಟಿಸಿ ಒಬ್ಬಳು ಕೊಡುವುದು, ಇನ್ನೊಬ್ಬಳು ಸುಮ್ನೆ ಒತ್ತಿ ಎಣಿಕೆ ಹೇಳುವುದು. ಮಕ್ಕಳು ಸುಳ್ಳು ಹೇಳುತ್ತಾರೆ ಅಂತಲ್ಲ. ಬೇಯಬೇಕು ಅಂತ ಮನಸ್ಸು ಬಯಸಿದರೆ ಕಣ್ಣೂ ಹಾಗೇ ನೋಡುತ್ತದೆ, ದೊಡ್ಡವರಿಗೂ ಅಷ್ಟೇ. ಪ್ರತಿ ನೀರಿಗೂ ಮೂರು ಸಲ ಮಾಡಿ ಸರಾಸರಿ ತೆಗೆದೆವು. ಒಂದೇ ಚೀಲದ ಬೇಳೆ, ಒಂದೇ ಒಲೆ, ಒಂದೇ ಪಾತ್ರೆ. ತುಂಬಾ ದಪ್ಪ, ತುಂಬಾ ಸಣ್ಣ ಕಾಳುಗಳನ್ನು ಜರಡಿ ಹಿಡಿದು ಬಿಟ್ಟೆವು.

ನೀರು ಎಷ್ಟು ಗಡಸು, ಅಂದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ಕರಗಿದೆ ಅಂತ ತಿಳಿಯಲು ಸೋಪಿನ ಪರೀಕ್ಷೆ ಮಾಡಿದೆವು. ಸ್ನಾನದ ಸೋಪನ್ನು ತುರಿದು, ನಮ್ಮೂರ ಶುದ್ಧ ನೀರಿನ ಘಟಕದ ಫಿಲ್ಟರ್ ನೀರಲ್ಲಿ ಕರಗಿಸುವುದು. ಮುಚ್ಚಳವಿರುವ ಬಾಟಲಿಯಲ್ಲಿ 20 ಮಿಲಿ ನೀರು ಹಾಕಿ, ಸೋಪಿನ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಕುಲುಕುವುದು. ನೊರೆ ಒಂದು ನಿಮಿಷ ನಿಲ್ಲಲು ಎಷ್ಟು ಹನಿ ಬೇಕೋ ಎಣಿಸುವುದು. ಮಾಡಲು ಹೊರಟವರಿಗೆ ಒಂದು ಮಾತು: ಬಟ್ಟೆ ಒಗೆಯುವ ಬಾರ್ ತರಬೇಡಿ. ಅಂಗಡಿಯಲ್ಲಿ ಸಿಗುವುದರಲ್ಲಿ ಹೆಚ್ಚಿನವು ಡಿಟರ್ಜೆಂಟ್. ಡಿಟರ್ಜೆಂಟ್ ಗಡಸು ನೀರಲ್ಲೂ ನೊರೆ ಕೊಡುತ್ತದೆ, ಪರೀಕ್ಷೆಯೇ ಕೆಡುತ್ತದೆ. ಟಿಡಿಎಸ್ ಮೀಟರನ್ನೂ ಇದಕ್ಕೆ ನಂಬಬೇಡಿ. ಅದು ಕರಗಿದ ಎಲ್ಲ ಲವಣವನ್ನೂ ಒಟ್ಟಿಗೆ ಅಂದಾಜು ಮಾಡುತ್ತದೆ. ಫಿಲ್ಟರ್ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿ ತೋರಿಸಿದೆ. ಮೀಟರಿನ ಅಂಕಿ ಸರ‍್ರನೆ ಏರಿತು, ಬೇಳೆ ಮಾತ್ರ ಆ ನೀರಲ್ಲೂ ಚೆನ್ನಾಗೇ ಬೆಂದಿತು. ಗಡಸುತನಕ್ಕೆ ಕಾರಣ ಕ್ಯಾಲ್ಸಿಯಂ, ಮೆಗ್ನೀಸಿಯಂ. ಸೋಡಿಯಂ ಅಲ್ಲ.

ಕೊನೆಗೆ ಹತ್ತಿರದ ಪಿಯು ಕಾಲೇಜಿನ ಲ್ಯಾಬಿಗೆ ಹೋಗಿ ಇಡಿಟಿಎ ಟೈಟ್ರೇಶನ್ ಮಾಡಿಸಿಕೊಂಡೆವು. ಬಣ್ಣದ ಸೂಚಕ ಹಾಕಿದ ನೀರಿಗೆ ಇಡಿಟಿಎ ಅನ್ನುವ ರಾಸಾಯನಿಕವನ್ನು ಹನಿ ಹನಿಯಾಗಿ ಬಿಟ್ಟು, ಬಣ್ಣ ಬದಲಾಗುವವರೆಗೆ ಅಳೆದು ಗಡಸುತನ ಕಂಡುಹಿಡಿಯುವ ಪರೀಕ್ಷೆ ಅದು. ದ್ರಾಕ್ಷಿ ಕೆಂಪು ಇದ್ದ ನೀರು ಒಂದು ಹನಿಗೆ ನೀಲಿಯಾಗುವುದನ್ನು ನೋಡಿ ಹುಡುಗಿಯರು ಕೂಗಿಯೇಬಿಟ್ಟರು. ನಮ್ಮ ಬೋರ್ ನೀರಿನ ಗಡಸುತನ ಲೀಟರಿಗೆ 600 ಮಿಲಿಗ್ರಾಂ ಹತ್ತಿರ ಬಂತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 200ರವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಆಗಬಹುದು ಅಂತಿದೆ. ಸೋಪಿನ ಹನಿಗಳ ಎಣಿಕೆಯೂ ಟೈಟ್ರೇಶನ್ನೂ ಒಂದೇ ಕ್ರಮದಲ್ಲಿ ಬಂದವು. ಮನೆಯ ಸೋಪಿನಿಂದ ಮಾಡಿದ ಅಳತೆ ಲ್ಯಾಬಿನ ಅಳತೆಗೆ ಹೊಂದಿತು ಅನ್ನುವುದು ಅವರಿಗೆ ದೊಡ್ಡ ಧೈರ್ಯ ಕೊಟ್ಟಿತು.

ಫಲಿತಾಂಶಕ್ಕೆ ಬರುತ್ತೇನೆ. ಫಿಲ್ಟರ್ ನೀರು, ಮಳೆ ನೀರು, ತೀರ್ಥಹಳ್ಳಿಯ ಬಾವಿ ನೀರು ಈ ಮೂರರಲ್ಲೂ ಬೇಳೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಬೆಂದಿತು. ಬೋರ್ ನೀರಿನಲ್ಲಿ ಮುಕ್ಕಾಲು ಗಂಟೆ ದಾಟಿತು. ಕಾರಣ ಪೆಕ್ಟಿನ್. ಗೋಡೆಯ ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ ಅದು ಬೇಳೆಯ ಜೀವಕೋಶಗಳನ್ನು ಹಿಡಿದಿಟ್ಟಿರುತ್ತದೆ. ಬಿಸಿನೀರಲ್ಲಿ ಅದು ಕರಗಿದರೆ ಕೋಶಗಳು ಬಿಡಿಸಿಕೊಂಡು ಬೇಳೆ ಮೆತ್ತಗಾಗುತ್ತದೆ. ಕ್ಯಾಲ್ಸಿಯಂ ಬಂದು ಪೆಕ್ಟಿನ್ ಎಳೆಗಳ ನಡುವೆ ಕೊಂಡಿ ಹಾಕಿದರೆ ಅದು ಬೇಗ ಕರಗುವುದಿಲ್ಲ. ಹುಳಿಯೂ ಪೆಕ್ಟಿನ್ ಕರಗಲು ಬಿಡುವುದಿಲ್ಲ. ಬೇಳೆ ಬೆಂದ ಮೇಲೆ ಹುಣಸೆಹಣ್ಣು ಹಾಕು ಅಂತ ಅಜ್ಜಿಯರು ಹೇಳುವುದು ಇದಕ್ಕೇ. ಹುಡುಗಿಯರು ಅದನ್ನೂ ಮಾಡಿ ನೋಡಿದರು. ಮೊದಲೇ ಹುಳಿ ಹಾಕಿದ ಪಾತ್ರೆ ಎಲ್ಲಕ್ಕಿಂತ ಕೊನೆಗೆ ಬೆಂದಿತು. ಸಮಾವೇಶದ ಆ ವರ್ಷದ ಉಪವಿಷಯಗಳಲ್ಲಿ ಸಾಂಪ್ರದಾಯಿಕ ಜ್ಞಾನವೂ ಇತ್ತು. ನಮ್ಮ ಅಡುಗೆಮನೆ ಅಲ್ಲಿಗೆ ಸರಿಯಾಗಿ ಹೊಂದಿಕೊಂಡಿತು.

ಅಡುಗೆ ಸೋಡಾ ಹಾಕಿದ ಪಾತ್ರೆ ಎಲ್ಲಕ್ಕಿಂತ ಬೇಗ ಬೆಂದಿತು. ನಮ್ಮೂರಲ್ಲಿ ತುಂಬಾ ಮನೆಗಳಲ್ಲಿ ಇದೇ ರೂಢಿ. ಆದರೆ ಸೋಡಾದ ಕ್ಷಾರ ಬೇಳೆಯಲ್ಲಿರುವ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ. ಬೇಗ ಆಗುತ್ತೆ ಅಂತ ಮಾತ್ರ ಬರೆದು ನಿಲ್ಲಿಸಬೇಡಿ, ಏನು ಕಳೆದುಕೊಳ್ಳುತ್ತೇವೆ ಅಂತಲೂ ಬರೆಯಿರಿ ಅಂದೆ.

ನನಗೆ ತುಂಬಾ ಇಷ್ಟವಾದ ಭಾಗ ಇನ್ನೊಂದಿದೆ. ಬೋರ್ ನೀರನ್ನು ಮೊದಲು ಕುದಿಸಿ, ತಣಿಸಿ, ತಳದ ಬಿಳಿ ಪುಡಿಯನ್ನು ಬಟ್ಟೆಯಲ್ಲಿ ಸೋಸಿದರೆ ಗಡಸುತನ ಸ್ವಲ್ಪ ಇಳಿಯುತ್ತದೆ ಅಂತ ಪಾಠದಲ್ಲಿದೆ. ಮಾಡಿದರು, ಬೇಳೆ ಸ್ವಲ್ಪ ಬೇಗ ಬೆಂದಿತು. ಆಗ ಒಬ್ಬಳು ಪೆನ್ಸಿಲ್ ಹಿಡಿದು ಕೂತಳು. "ಮಿಸ್, ನೀರು ಕುದಿಸೋಕೆ ಉರಿಸಿದ ಗ್ಯಾಸನ್ನೂ ಲೆಕ್ಕಕ್ಕೆ ತಗೊಂಡ್ರೆ ಉಳಿತಾಯ ಏನೂ ಇಲ್ಲ ಅಲ್ವಾ?" ಇಲ್ಲ ಮಗಾ, ಏನೂ ಇಲ್ಲ! ಪುಸ್ತಕದ ಉತ್ತರವನ್ನು ತನ್ನ ಒಲೆಯ ಮೇಲಿಟ್ಟು ಅಳೆದ ಮಗು ಅದು. ಕೊನೆಗೆ ಅವರೇ ಒಂದು ದಾರಿ ಹೇಳಿದರು: ಬೇಳೆ ಬೇಯಿಸಲು ಮಾತ್ರ ಫಿಲ್ಟರ್ ನೀರು ಬಳಸಿ, ಅರ್ಧ ಗಂಟೆ ನೆನೆಸಿ. ನಮ್ಮೂರ ಘಟಕದಲ್ಲಿ ಆಗ 20 ಲೀಟರಿಗೆ ಐದು ರೂಪಾಯಿ ಇತ್ತು, ಅಂದರೆ ಒಂದು ಲೀಟರಿಗೆ 25 ಪೈಸೆ.

ಸಮಾವೇಶ ಗೊತ್ತಿಲ್ಲದವರಿಗೆ ಒಂದೆರಡು ಮಾತು. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದೆ. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಂಡು ಬಂದಿದೆ. 10ರಿಂದ 17 ವರ್ಷದ ಮಕ್ಕಳು ತಂಡವಾಗಿ ಭಾಗವಹಿಸುತ್ತಾರೆ. ತಮ್ಮ ಭಾಷೆಯಲ್ಲೇ ಮಾತಾಡಬಹುದು, ಹಳ್ಳಿ ಶಾಲೆಗಳಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ದಿನದಿನದ ಕೆಲಸ ಬರೆದಿಡುವ ಲಾಗ್‌ಬುಕ್ಕನ್ನು ತೀರ್ಪುಗಾರರು ನೋಡುತ್ತಾರೆ. ಅದನ್ನು ಕೊನೆಯಲ್ಲಿ ಚೆಂದದ ಅಕ್ಷರದಲ್ಲಿ ಬರೆಸಬೇಡಿ. ನಮ್ಮದರಲ್ಲಿ ಅರಿಶಿನದ ಕಲೆ, ಹೊಡೆದುಹಾಕಿದ ಅಂಕಿ, ಗ್ಯಾಸ್ ಖಾಲಿಯಾಗಿ ನಿಂತ ದಿನದ ಟಿಪ್ಪಣಿ ಎಲ್ಲ ಹಾಗೇ ಇತ್ತು.

ಜಿಲ್ಲಾ ಮಟ್ಟದಲ್ಲಿ ತೀರ್ಪುಗಾರರೊಬ್ಬರು ಕೇಳಿದರು: "ಎಲ್ಲರ ಮನೇಲೂ ಕುಕ್ಕರ್ ಇದೆಯಲ್ಲಮ್ಮ, ತೆರೆದ ಪಾತ್ರೆಯ ಲೆಕ್ಕ ಯಾರಿಗೆ ಬೇಕು?" ನನ್ನ ಎದೆ ಹೊಡೆದುಕೊಂಡಿತು. ಹುಡುಗಿ ಹೆದರಲಿಲ್ಲ. "ಸಾರ್, ಕುಕ್ಕರ್ ಒಳಗೆ ನಾವು ನೋಡೋಕಾಗಲ್ಲ. ಯಾವ ನೀರು ಬೇಗ ಅಂತ ತಿಳಿಯೋಕೆ ತೆರೆದ ಪಾತ್ರೆ. ತಿಳಿದ ಮೇಲೆ ಕುಕ್ಕರ್‌ನಲ್ಲೂ ಮಾಡಿ ನೋಡಿದ್ವಿ, ಫಿಲ್ಟರ್ ನೀರಲ್ಲಿ ಅಲ್ಲೂ ಕಡಿಮೆ ವಿಷಲ್ ಸಾಕಾಯ್ತು. ಆದ್ರೆ ವಿಷಲ್ ಸರಿಯಾದ ಅಳತೆ ಅಲ್ಲ, ಅದಕ್ಕೆ ಟೇಬಲ್‌ನಲ್ಲಿ ಹಾಕಿಲ್ಲ" ಅಂದಳು. ಹುಡುಗಿಯರು ರಾಜ್ಯಮಟ್ಟಕ್ಕೆ ಹೋದರು, ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಆ ಉತ್ತರದ ಹೆಮ್ಮೆ ನನಗೆ ಇವತ್ತಿಗೂ ಇದೆ.

ನಮ್ಮ ಬಿಸಿಯೂಟದ ಅಡುಗೆಯವರು ಹುಡುಗಿಯರ ಪ್ರಾಜೆಕ್ಟ್ ಚಾರ್ಟ್ ಓದಿ ಸಾಂಬಾರಿನ ಬೇಳೆಯನ್ನು ನೆನೆಸಲು ಶುರುಮಾಡಿದರು. ಆದರೆ ಅವರೇ ಇನ್ನೊಂದು ಮಾತು ಎತ್ತಿದರು: "ಮೇಡಂ, ಒಂದೊಂದು ಚೀಲ ನೆನೆಸಿದರೂ ಬೇಯಲ್ಲ, ಹಳೇ ಸ್ಟಾಕು." ಸೆಕೆ, ತೇವದಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಳು ಬೇಯಲು ಹಟ ಮಾಡುತ್ತದೆ ಅನ್ನುವುದು ನಿಜ. ಈಗ ಏಳನೇ ಕ್ಲಾಸಿನ ಇಬ್ಬರು ಹುಡುಗರು ಒಂದೇ ಚೀಲದ ತೊಗರಿಬೇಳೆಯನ್ನು ಡಬ್ಬಿಗಳಿಗೆ ತುಂಬಿ ತಾರೀಖು ಬರೆದಿಟ್ಟಿದ್ದಾರೆ. ಕೆಲವು ಡಬ್ಬಿ ಒಲೆಯ ಪಕ್ಕ, ಕೆಲವು ತಂಪಾದ ಮೂಲೆಯಲ್ಲಿ. ತಿಂಗಳಿಗೊಮ್ಮೆ ಒಂದೊಂದು ಹಿಡಿ ತೆಗೆದು, ಅದೇ ಗಾಜಿನ ಚೂರು, ಅದೇ ಅರ್ಧ ಕಿಲೋ ಬಟ್ಟು ಇಟ್ಟು ಒತ್ತಿ ನೋಡುತ್ತಿದ್ದಾರೆ.