ರೋಡ್‌ಕಿಂಗ್‌ನ ಎರಡನೇ ಗೇರ್ ಕೊನೆಗೂ ಹಾರದೆ ನಿಂತಿತು

ನನ್ನದು 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್. ಚಾಮುಂಡಿ ಬೆಟ್ಟ ಹತ್ತುವಾಗ ಎರಡನೇ ಗೇರ್‌ನಲ್ಲಿ ಸ್ವಲ್ಪ ಎಕ್ಸಲರೇಟರ್ ಕೊಟ್ಟರೆ ಸಾಕು, ಟಕ್ ಅಂತ ಹಾರಿ ನ್ಯೂಟ್ರಲ್‌ಗೆ ಬೀಳುತ್ತಿತ್ತು. ಇಳಿಯುವಾಗ ಏನೂ ಇಲ್ಲ. ಮೂರು ಜನ ಮೆಕ್ಯಾನಿಕ್‌ಗಳಿಗೆ ತೋರಿಸಿದೆ. ಮೂವರೂ ಹೇಳಿದ್ದು ಒಂದೇ ಮಾತು. "ಡಾಗ್ ಸವೆದಿದೆ ಸಾರ್, ಗೇರ್ ಚೇಂಜ್ ಮಾಡ್ಸಿ."

ಡಾಗ್ ಅಂದರೆ ಗೇರ್‌ಗಳನ್ನು ಒಂದಕ್ಕೊಂದು ಹಿಡಿಸುವ ಪಕ್ಕದ ಹಲ್ಲು. ನಂಬಿದೆ. ಇಂಜಿನ್ ಇಳಿಸಿ, ಕೇಸ್ ಬಿಚ್ಚಿಸಿ, ಎರಡನೇ ಗೇರ್ ಜೋಡಿ ಹೊಸದು ಹಾಕಿಸಿದೆ. ಹಾಕಿದ ಗೇರನ್ನು ಜಾಗದಲ್ಲೇ ಹಿಡಿದಿಡುವ ಲಾಕಿಂಗ್ ಸ್ಪ್ರಿಂಗನ್ನೂ ಆಗಲೇ ಬದಲಾಯಿಸಿದೆ. ಮೈಸೂರು ಯಾದವಗಿರಿಯ ಯೆಜ್ಡಿ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆಮೇಲೆ ಹಳೇ ಸ್ಟಾಕ್ ಅಂದರೆ ಕೇಳಿದಷ್ಟು ಕೊಡಬೇಕು, ಗೊತ್ತಲ್ವಾ? ಗೇರಿಗೇ ಮೂರೂವರೆ ಸಾವಿರ. ಸೀಲು, ಗ್ಯಾಸ್ಕೆಟ್, ಕೂಲಿ ಸೇರಿ ಏಳು ಸಾವಿರ ದಾಟಿತು. ಇನ್ನೂರು ಕಿಲೋಮೀಟರ್ ಚೆನ್ನಾಗಿ ಓಡಿತು. ಮತ್ತೆ ಅದೇ ಬೆಟ್ಟ, ಅದೇ ತಿರುವು, ಅದೇ ಟಕ್. ಅವತ್ತು ಹೊಟ್ಟೆ ಉರಿದುಹೋಯಿತು.

ನಡುವೆ ಆಯಿಲ್ ಪ್ರಯೋಗವನ್ನೂ ಮಾಡಿದೆ. ದಪ್ಪ ಆಯಿಲ್ ಹಾಕಿದರೆ ಗೇರ್ ಹಿಡಿಯುತ್ತದೆ ಅಂತ ಯಾರೋ ಹೇಳಿದರು. 40 ನಂಬರ್ ಆಯಿಲ್ ಬದಲು 90 ನಂಬರ್ ಗೇರ್ ಆಯಿಲ್ ಒಂದು ಲೀಟರ್ ಸುರಿದೆ. ಗೇರ್ ಹಾರುವುದು ನಿಲ್ಲಲಿಲ್ಲ. ನಮ್ಮ ಬಂಡಿಯಲ್ಲಿ ಕ್ಲಚ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಬೆಳಗಿನ ಚಳಿಗೆ ಕಾರ್ಕ್ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡವು. ಕ್ಲಚ್ ಹಿಡಿದು ಮೊದಲನೇ ಗೇರ್ ಹಾಕಿದರೂ ಬಂಡಿ ಮುಂದಕ್ಕೆ ನೆಗೆಯುತ್ತಿತ್ತು. ವಾರದಲ್ಲಿ ಎಲ್ಲಾ ಇಳಿಸಿ ಮತ್ತೆ 40 ಹಾಕಿದೆ.

ಆಗ ಹೊಳೆಯಿತು. ಬುಲೆಟ್‌ನಲ್ಲಿ ಎಲ್ಲರೂ ಮಾಡುವ ಪರೀಕ್ಷೆ ಒಂದಿದೆ. ಗೇರ್ ಹಾಕಿ, ಲಿವರನ್ನು ಕಾಲಲ್ಲೇ ಒತ್ತಿ ಹಿಡಿದು ಎಳೆತ ಕೊಡುವುದು. ಹಾಗೆ ಹಿಡಿದರೂ ಹಾರಿದರೆ ಡಾಗ್ ಹೋಗಿದೆ. ನಿಂತರೆ ಫೋರ್ಕ್ (ಗೇರ್‌ಬಾಕ್ಸ್ ಒಳಗೆ ಗೇರನ್ನು ತಳ್ಳಿ ಕೂರಿಸುವ ಕವಲು) ಅಥವಾ ಲಾಕಿಂಗ್ ಕಡೆ ನೋಡಬೇಕು. ನಮ್ಮ ಬಂಡಿಯಲ್ಲಿ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಸೆಮಿ ಆಟೋಮ್ಯಾಟಿಕ್ ಕ್ಲಚ್ ಅಲ್ವಾ? ಗೇರ್ ಲಿವರ್ ಮೇಲೆ ಕಾಲು ಒತ್ತಿದ ಕೂಡಲೇ ಕ್ಲಚ್ ತಾನಾಗೇ ಎತ್ತಿ ಇಂಜಿನ್ ಎಳೆತ ಬಿಡಿಸುತ್ತದೆ, ಡಾಗ್ ಮೇಲಿನ ಭಾರವೇ ಹೋಗುತ್ತದೆ. ಹಾರುವ ಗೇರೂ ಹಾರುವುದಿಲ್ಲ.

ಅದಕ್ಕೆ ಕ್ಲಚ್ ಅಡ್ಜಸ್ಟಿಂಗ್ ಸ್ಕ್ರೂ ಸ್ವಲ್ಪ ಲೂಸ್ ಮಾಡಿದೆ. ಕಾಲಿನ ಒತ್ತಡಕ್ಕೆ ಕ್ಲಚ್ ಎತ್ತಬಾರದು, ಅಷ್ಟು. ಕೈ ಕೇಬಲನ್ನು ಬೇರೆಯಾಗಿ ಬಿಗಿ ಮಾಡಿಕೊಂಡೆ. ಸ್ಕ್ರೂ ಎಷ್ಟು ಸುತ್ತು ಅಂತ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಕೈ ಕ್ಲಚ್‌ನಲ್ಲೇ ಬೆಟ್ಟ ಹತ್ತಿದೆ. ಎರಡಕ್ಕೆ ಹಾಕಿ, ಕಾಲ್ಬೆರಳಲ್ಲಿ ಲಿವರ್ ಮೇಲಕ್ಕೆ ಎತ್ತಿ ಹಿಡಿದು ಪೂರ್ತಿ ಎಕ್ಸಲರೇಟರ್ ಕೊಟ್ಟೆ. ನಿಂತಿತು! ಕಾಲು ಬಿಟ್ಟೆ, ಐವತ್ತು ಅಡಿ ಹೋಗಿರಬೇಕು, ಟಕ್. ನಾಲ್ಕು ಸಲ ಮಾಡಿದೆ, ನಾಲ್ಕೂ ಸಲ ಹಾಗೇ.

ಸ್ಪ್ರಿಂಗ್ ಹೊಸದು. ಹಾಗಾದರೆ ಫೋರ್ಕೇ. ಮೆಕ್ಯಾನಿಕ್ ನಕ್ಕರು, "ಫೋರ್ಕ್ ಹೋಗೋದು ನಾನು ನೋಡೇ ಇಲ್ಲ ಸಾರ್." ಈ ಸಲ ಕೇಸನ್ನು ನಾನೇ ಬಿಚ್ಚಿದೆ. ಡಾಗ್‌ಗಳಿಗೆ ನೀಲಿ ಮಾರ್ಕರ್ ಬಳಿದು, ಗೇರ್ ಹಾಕಿ ಕೈಯಲ್ಲಿ ತಿರುಗಿಸಿ ನೋಡಿದೆ. ತುದಿಯಲ್ಲಿ ಮಾತ್ರ ಬಣ್ಣ ಹೋಗಿತ್ತು. ಗೇರ್ ಪೂರ್ತಿ ಒಳಗೆ ಕೂರುತ್ತಲೇ ಇರಲಿಲ್ಲ. ಫೋರ್ಕ್ ಒಂದು ಬದಿ ಉಗುರಿಗೆ ಸಿಗುವಷ್ಟು ಸವೆದಿತ್ತು. ಗುಜರಿಯಲ್ಲಿ ಒಂದು ಹಳೇ ಇಂಜಿನ್‌ನಿಂದ ಆರುನೂರಕ್ಕೆ ಒಳ್ಳೆಯ ಫೋರ್ಕ್ ಸಿಕ್ಕಿತು. ಸೀಲು, ಆಯಿಲ್ ಎಲ್ಲಾ ಸೇರಿ ಎರಡು ಸಾವಿರದೊಳಗೆ ಮುಗಿಯಿತು.

ಕೇಸ್ ಬಿಚ್ಚಿದ್ದಾಗ ಎಡಗಡೆ ಕ್ರ್ಯಾಂಕ್ ಸೀಲನ್ನೂ (ಗೇರ್ ಆಯಿಲ್ ಇಂಜಿನ್ ಒಳಗೆ ಹೋಗದಂತೆ ತಡೆಯುವ ಸೀಲು) ಬದಲಾಯಿಸಿ, ಬಿಡಬೇಡಿ. ಗೆಳೆಯನ ಬಂಡಿಯಲ್ಲಿ ಗೇರ್ ಆಯಿಲ್ ಕಡಿಮೆಯಾಗುತ್ತಿತ್ತು, ಆದರೆ ಕೆಳಗೆ ಒಂದು ಹನಿಯೂ ಇಲ್ಲ. ಹೊಗೆ ಮಾತ್ರ ಬೀದಿ ತುಂಬಾ. ಇಂಜಿನ್ ಆ ಸೀಲ್ ದಾಟಿ ಗೇರ್ ಆಯಿಲ್ ಕುಡಿಯುತ್ತಿತ್ತು. ಅವನು ಸುಮ್ನೆ ಪಿಸ್ಟನ್ ರಿಂಗ್ ಬದಲಾಯಿಸಿ ದುಡ್ಡು ಕಳೆದುಕೊಂಡಿದ್ದ.

ಜುಲೈ ಎರಡನೇ ಭಾನುವಾರ, ಜಾವಾ-ಯೆಜ್ಡಿ ಬೈಕಿನವರು ಆಚರಿಸುವ ಜಾವಾ ಡೇ ದಿನ, ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಬೆಟ್ಟ ಹತ್ತಿದೆ. ಆ ತಿರುವಿನಲ್ಲಿ ಬೇಕೆಂದೇ ಎರಡರಲ್ಲಿ ಜಾಸ್ತಿ ಎಳೆದೆ. ಹಾರಲಿಲ್ಲ. ಆಮೇಲೆ ಎರಡು ಸಾವಿರ ಕಿಲೋಮೀಟರ್ ಹತ್ತಿರ ಓಡಿದೆ, ಇವತ್ತಿನವರೆಗೂ ಹಾರಿಲ್ಲ.